ಪಾಳುಬಿದ್ದ ಹಿತ್ತಲ ಈಜುಕೊಳವನ್ನು ಮತ್ತೆ ಬಳಕೆಗೆ ತರುವ ಬಗೆ

ವರ್ಷಗಟ್ಟಲೆ ಯಾರೂ ಇಳಿಯದೆ ಬಿಟ್ಟ ಈಜುಕೊಳವನ್ನು ಸರಿಪಡಿಸಲು ಹೊರಡುವವರು ಬಹುಮಟ್ಟಿಗೆ ಎರಡು ಕೆಲಸಗಳಲ್ಲಿ ಒಂದನ್ನು ಮೊದಲೇ ಮಾಡಿಬಿಡುತ್ತಾರೆ. ಒಂದೋ ನೀರನ್ನೆಲ್ಲ ಎತ್ತಿ ಹೊರಗೆ ಹಾಕುತ್ತಾರೆ, ಇಲ್ಲವೇ ಕ್ಲೋರಿನ್ ತಂದು ಡಬ್ಬಿಗಟ್ಟಲೆ ಸುರಿಯುತ್ತಾರೆ. ಮೊದಲನೆಯದು ತೊಟ್ಟಿಯನ್ನೇ ಒಡೆಯಬಲ್ಲದು. ಎರಡನೆಯದು ಬಹುಪಾಲು ವ್ಯರ್ಥ, ಏಕೆಂದರೆ ತಳದಲ್ಲಿ ಕೊಳೆತ ಎಲೆ ಇರುವವರೆಗೆ ಕ್ಲೋರಿನ್ನಿನ ಶಕ್ತಿಯೆಲ್ಲ ಆ ಎಲೆಯ ಮೇಲೆಯೇ ಖರ್ಚಾಗಿ, ಪಾಚಿಯನ್ನು ಕೊಲ್ಲಲು ಏನೂ ಉಳಿಯುವುದಿಲ್ಲ. ಈ ಕೆಲಸದಲ್ಲಿ ಕೌಶಲಕ್ಕಿಂತ ಕ್ರಮ ದೊಡ್ಡದು. ಮೊದಲು ಕಸ, ಆಮೇಲೆ ಯಂತ್ರ, ಆಮೇಲೆ ನೀರು, ಕೊನೆಗೆ ಗಾರೆ ಮತ್ತು ಟೈಲ್ಸ್. ಈ ಕ್ರಮವನ್ನು ಕೆಡಿಸದೆ ನಡೆದರೆ ಕಪ್ಪುಹಸಿರಾಗಿ ನಿಂತ ನೀರನ್ನೂ ಎಷ್ಟೋ ಸಲ ಹೊರಗೆ ಚೆಲ್ಲದೆಯೇ ತಿಳಿಯಾಗಿಸಬಹುದು.

ಕೆಲಸಕ್ಕೆ ಕೈಹಾಕುವ ಮುನ್ನ

ಹಸಿರು ನೀರಿಗೆ ಬಿದ್ದ ಮಗು ಮೇಲಿನಿಂದ ಕಾಣುವುದಿಲ್ಲ. ಆದ್ದರಿಂದ ಬೇರೆಲ್ಲಕ್ಕಿಂತ ಮೊದಲು ಬೇಲಿಯನ್ನು ಸುತ್ತ ನಡೆದು ನೋಡಬೇಕು, ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂತೆಯೂ ಅದರ ಚಿಲಕ ಮಕ್ಕಳ ಕೈಗೆ ಎಟುಕದಂತೆಯೂ ಮಾಡಬೇಕು. ಎರಡನೆಯದಾಗಿ ಪಂಪ್, ದೀಪ, ಟೈಮರ್ ಎಲ್ಲದಕ್ಕೂ ಹೋಗುವ ವಿದ್ಯುತ್ತನ್ನು ಮೇನ್ ಸ್ವಿಚ್‌ನಲ್ಲಿಯೇ ತೆಗೆದು, ಎಲೆಕ್ಟ್ರಿಷಿಯನ್ನರಿಂದ ಅರ್ಥಿಂಗ್ ಮತ್ತು ಸೋರಿಕೆ ವಿದ್ಯುತ್ತನ್ನು ಕಡಿಯುವ ಬ್ರೇಕರ್ ಎರಡನ್ನೂ ಪರೀಕ್ಷೆ ಮಾಡಿಸಬೇಕು. ನೀರಿನ ಪಕ್ಕದಲ್ಲಿ ವರ್ಷಗಟ್ಟಲೆ ಕೂತ ವೈರಿನ ಹೊದಿಕೆಯನ್ನು ಇಲಿ ಕಡಿದಿರಬಹುದು, ಬಿಸಿಲು ಪುಡಿಮಾಡಿರಬಹುದು. ಈ ಒಂದು ಕೆಲಸವನ್ನು ಸ್ವಂತ ಕೈಯಿಂದ ಮಾಡಿಕೊಳ್ಳಲು ಯಾರಿಗೂ ಸಲಹೆ ಕೊಡಲಾರೆ.

ನೀರಿನ ಮೇಲೆ ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಗೆ, ಅಂಚಿನ ಕಲ್ಲಿನ ಸಂದಿಗೆ ನೋಡದೆ ಕೈ ಹಾಕಬಾರದು. ಹಾವು, ಚೇಳು, ಕಪ್ಪೆಗಳಿಗೆ ಅವು ಒಳ್ಳೆಯ ಆಸರೆ. ಕೆಲಸ ಆರಂಭಿಸಲು ಇನ್ನೂ ಕೆಲವು ವಾರ ಹಿಡಿಯುವುದಾದರೆ ಸೊಳ್ಳೆಮರಿಗಳನ್ನು ಕೊಲ್ಲುವ ಬಿಟಿಐ ಬ್ಯಾಕ್ಟೀರಿಯಾದ ಬಿಲ್ಲೆಗಳನ್ನು ನೀರಿಗೆ ಹಾಕಿಡುವುದು ಉತ್ತಮ. ಬೆಚ್ಚನೆಯ ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು.

ಖಾಲಿ ಮಾಡಬೇಕೇ?

ಇಡೀ ಕೆಲಸದಲ್ಲಿ ಹಿಂದಕ್ಕೆ ಪಡೆಯಲಾಗದ ನಿರ್ಧಾರ ಇದೊಂದೇ ಆಗಿರುವುದರಿಂದ ಇಲ್ಲಿ ನಿಧಾನಿಸಬೇಕು. ನೆಲದಲ್ಲಿ ಹೂತ ಕೊಳದ ಹೊರಗೆ ಮಣ್ಣೂ ಅಂತರ್ಜಲವೂ ಗೋಡೆಯನ್ನು ಒಳಕ್ಕೆ, ತಳವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಒಳಗಿನ ನೀರಿನ ಭಾರ ಆ ಒತ್ತಡಕ್ಕೆ ಎದುರಾಗಿ ನಿಂತಿರುತ್ತದೆ. ನೀರು ತೆಗೆದ ಕೂಡಲೇ ಆ ಎದುರುಭಾರ ಇಲ್ಲವಾಗುತ್ತದೆ. ಅಂತರ್ಜಲದ ಮಟ್ಟ ಮೇಲಿದ್ದಾಗ, ವಿಶೇಷವಾಗಿ ಒಳ್ಳೆಯ ಮಳೆಯ ನಂತರ, ಖಾಲಿ ತೊಟ್ಟಿ ದೋಣಿಯಂತೆ ತೇಲಿ ಮೇಲೇಳುತ್ತದೆ. ಫೈಬರ್‌ಗ್ಲಾಸ್ ತೊಟ್ಟಿಗಳು ಹೀಗೆ ಎದ್ದು ಬರುವುದು ಹೆಚ್ಚಾದರೂ ಕಾಂಕ್ರೀಟಿನ ತೊಟ್ಟಿಗಳೂ ಇದರಿಂದ ಪಾರಾಗಿಲ್ಲ. ತೊಟ್ಟಿ ಕೆಲವೇ ಅಂಗುಲ ಎದ್ದರೂ ಪೈಪುಗಳು ಮುರಿಯುತ್ತವೆ, ಅಂಚು ಬಿರಿಯುತ್ತದೆ, ಅದನ್ನು ಮತ್ತೆ ಸ್ವಸ್ಥಾನಕ್ಕೆ ಕೂರಿಸುವುದು ಬಹುತೇಕ ಅಸಾಧ್ಯ. ವಿನೈಲ್ ಹಾಳೆ ಹೊದಿಸಿದ ಕೊಳದ ಕಷ್ಟ ಬೇರೆಯೇ ಬಗೆಯದು. ಹಳೆಯ ಹಾಳೆ ಒಣಗಿ, ಕುಗ್ಗಿ, ಮತ್ತೆ ನೀರು ತುಂಬಿದಾಗ ಮೂಲೆಗಳಲ್ಲಿ ಹರಿಯುತ್ತದೆ.

ಹಾಗಾದರೆ ಯಾವಾಗ ಖಾಲಿ ಮಾಡಬೇಕು? ತೊಟ್ಟಿಯ ಗಾರೆ ಹಾಳೆಹಾಳೆಯಾಗಿ ಏಳುತ್ತಿದ್ದರೆ, ಬಿರುಕಿನಿಂದ ನೀರು ಸೋರುತ್ತಿದ್ದರೆ, ತಳದಲ್ಲಿ ಕೆಸರು ಮೊಣಕಾಲುದ್ದ ಇದ್ದರೆ, ಅಥವಾ ಮುಂದೆ ಹೇಳುವ ಸಯನ್ಯೂರಿಕ್ ಆಮ್ಲದ ಪ್ರಮಾಣ 100 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ದಾಟಿದ್ದರೆ ನೀರನ್ನು ತೆಗೆಯುವುದೇ ಸರಿ. ತೊಟ್ಟಿಯ ದುರಸ್ತಿಗೆ ಹೇಗೂ ಖಾಲಿ ಮಾಡಲೇಬೇಕೆಂದು ಮೊದಲೇ ಗೊತ್ತಾದರೆ ಆ ನೀರಿನ ಮೇಲೆ ಕ್ಲೋರಿನ್ ಖರ್ಚು ಮಾಡಬಾರದು. ಇಂಥ ಸಂದರ್ಭದಲ್ಲಿಯೂ ಒಣ ಋತುವನ್ನೇ ಆರಿಸಿಕೊಳ್ಳಬೇಕು. ಕೊಳದ ಪಕ್ಕದಲ್ಲಿ, ಅದರ ಆಳದ ಬದಿಗೆ, ಒಂದು ಕೊಳವೆಯನ್ನು ನೆಲಕ್ಕೆ ಇಳಿಸಿ ಅಂತರ್ಜಲ ಎಷ್ಟು ಕೆಳಗಿದೆ ಎಂದು ನೋಡಬೇಕು. ಕಾಂಕ್ರೀಟ್ ಕೊಳಗಳ ಅತ್ಯಂತ ಆಳದ ಜಾಗದಲ್ಲಿ, ಪಂಪ್ ತಳದ ನೀರನ್ನು ಎಳೆಯುವ ಮೇನ್ ಡ್ರೈನ್‌ನ ಗುಂಡಿಯೊಳಗೆ, ಹೊರಗಿನ ನೀರು ಒತ್ತಿದಾಗ ತೆರೆದುಕೊಂಡು ಅದನ್ನು ಒಳಗೆ ಬಿಡುವ ಒತ್ತಡ ನಿವಾರಕ ವಾಲ್ವ್ ಇರುವುದುಂಟು. ಅದು ತುಕ್ಕು ಮತ್ತು ಸುಣ್ಣದ ಪದರದಿಂದ ಕಚ್ಚಿಕೊಂಡಿದ್ದರೆ ಇದ್ದೂ ಇಲ್ಲದಂತೆಯೇ. ನೀರನ್ನು ಬದಲಿಸುವುದಷ್ಟೇ ಉದ್ದೇಶವಾಗಿದ್ದರೆ ಒಂದು ಸಲಕ್ಕೆ ಮೂರನೆಯ ಒಂದು ಪಾಲನ್ನು ತೆಗೆದು ಹೊಸ ನೀರು ತುಂಬುವುದು ಎಷ್ಟೋ ಸುರಕ್ಷಿತ. ಹೊರಬಿಡುವ ನೀರಿನಲ್ಲಿ ಕ್ಲೋರಿನ್ ಇರುವಾಗ ಅದನ್ನು ಕೆರೆ, ಹಳ್ಳಗಳ ಕಡೆಗೆ ಹರಿಸಬಾರದು. ಮೀನುಗಳಿಗೆ ಅದು ವಿಷ.

ಕಸ ಮತ್ತು ಕೆಸರು

ಉದ್ದ ಕೋಲಿನ ತುದಿಗೆ ಆಳವಾದ ಚೀಲದಂಥ ಬಲೆ ಕಟ್ಟಿಕೊಂಡು, ಪಂಪ್ ಚಾಲೂ ಮಾಡದೆ, ತಳದಿಂದ ಎಲೆಯನ್ನು ಮೊಗೆದು ತೆಗೆಯುವುದು ಈ ಹಂತದ ಇಡೀ ಕೆಲಸ. ಕಣ್ಣಿಗೆ ತಳ ಕಾಣುವುದಿಲ್ಲವಾದ್ದರಿಂದ ಕೈಯೇ ಹೇಳಬೇಕು. ಬಲೆ ಭಾರವಾಗಿ ಎಳೆದರೆ ಎಲೆ ಇದೆ, ಗರಗರನೆ ಕೆರೆದರೆ ಗಾರೆ ತಾಗಿದೆ. ಆಳದ ಕಪ್ಪು ಕೆಸರು ಕದಡಿದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿಯಿಲ್ಲದ ಕಡೆ ಕೊಳೆತ ಎಲೆ ಬಿಡುವ ಹೈಡ್ರೋಜನ್ ಸಲ್ಫೈಡ್ ಅದು, ಹಾಗಾಗಿ ಗಾಳಿಗೆ ಬೆನ್ನು ಕೊಟ್ಟು ನಿಂತು ಕೆಲಸ ಮಾಡಬೇಕು. ಒಂದು ದಿನ ತೆಗೆದು, ಕದಡಿದ್ದು ರಾತ್ರಿಯೆಲ್ಲ ಕೆಳಗೆ ಕೂರಲು ಬಿಟ್ಟು, ಮರುದಿನ ಮತ್ತೆ ತೆಗೆಯಬೇಕು. ಬಲೆ ಬರಿದಾಗಿ ಬರುವವರೆಗೂ ಮುಂದಿನ ಹಂತಕ್ಕೆ ಹೋಗಬಾರದು. ಬಹಳ ಜನ ಬೇಸತ್ತು ಬಿಡುವುದು ಇಲ್ಲಿಯೇ, ಆದರೆ ಇಲ್ಲಿ ಹಾಕಿದ ದುಡಿಮೆ ಮುಂದೆ ಕ್ಲೋರಿನ್ ಖರ್ಚಿನಲ್ಲಿ ಹಲವು ಪಟ್ಟು ಮರಳಿ ಸಿಗುತ್ತದೆ.

ಪಂಪ್ ಮತ್ತು ಫಿಲ್ಟರ್

ವಿದ್ಯುತ್ ಕೊಡುವ ಮುನ್ನ ಮೋಟರಿನ ಹಿಂಬದಿಯ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಬೇಕು. ಅದು ತಿರುಗದಿದ್ದರೆ ಬೇರಿಂಗ್ ಹಿಡಿದಿದೆ, ಇಲ್ಲವೇ ನೀರನ್ನು ತಳ್ಳುವ ಚಕ್ರವಾದ ಇಂಪೆಲ್ಲರ್‌ನಲ್ಲಿ ಕಸ ಸಿಕ್ಕಿದೆ. ಅಂಥ ಮೋಟರಿಗೆ ವಿದ್ಯುತ್ ಕೊಟ್ಟರೆ ಒಳಗಿನ ತಂತಿಯ ಸುತ್ತು ಸುಟ್ಟುಹೋಗುತ್ತದೆ. ತಿರುಗಿದರೂ ಪಂಪಿನ ಮುಚ್ಚಳದ ರಬ್ಬರ್ ಬಳೆ ಗಟ್ಟಿಯಾಗಿ ಬಿರುಕುಬಿಟ್ಟಿರುತ್ತದೆ. ಅದನ್ನು ಬದಲಿಸಿ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಪೆಟ್ರೋಲಿಯಂ ಗ್ರೀಸ್ ಹಲವು ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಪಂಪಿನ ಬುಟ್ಟಿಗೆ ನೀರು ತುಂಬಿ ಮುಚ್ಚಿ ಚಾಲೂ ಮಾಡಿದ ಮೇಲೂ ಪಾರದರ್ಶಕ ಮುಚ್ಚಳದೊಳಗೆ ಗಾಳಿಗುಳ್ಳೆ ನಿಲ್ಲದೆ ಓಡುತ್ತಿದ್ದರೆ ಎಳೆಯುವ ಬದಿಯ ಪೈಪಿನಲ್ಲಿ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದರ್ಥ. ಮೋಟರ್ ಮತ್ತು ಪಂಪ್ ಸೇರುವ ಜಾಗದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಸೀಲ್ ಹೋಗಿದೆ. ಅದನ್ನು ಉದಾಸೀನ ಮಾಡಿದರೆ ಆ ನೀರು ಬೇರಿಂಗಿಗೆ ಇಳಿದು ಮೋಟರನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಮರಳಿನ ಫಿಲ್ಟರ್ ಇದ್ದರೆ ಅದರ ತೊಟ್ಟಿಯನ್ನು ತೆರೆದು ಒಳಗೆ ಕೈ ಹಾಕಿ ಒಂದು ಹಿಡಿ ಮರಳು ತೆಗೆದು ನೋಡುವುದು ಎಲ್ಲ ಪರೀಕ್ಷೆಗಳಿಗಿಂತ ಮೇಲು. ಸರಿಯಿರುವ ಮರಳು ಬೆರಳ ಸಂದಿಯಿಂದ ಸಲೀಸಾಗಿ ಜಾರಿ ಬೀಳುತ್ತದೆ. ಕೆಟ್ಟ ಮರಳು ಜಿಡ್ಡಾಗಿ ಉಂಡೆಕಟ್ಟಿರುತ್ತದೆ, ಅಥವಾ ಸುಣ್ಣ ಹಿಡಿದು ಹೆಪ್ಪುಗಟ್ಟಿರುತ್ತದೆ. ಹಾಗಿದ್ದರೆ ನೀರು ಉಂಡೆಗಳ ನಡುವಿನ ಬಿರುಕಿನಲ್ಲಿ ಹರಿದುಹೋಗುವುದೇ ಹೊರತು ಸೋಸುವುದಿಲ್ಲ. ಎಷ್ಟು ವರ್ಷದ್ದೆಂದು ತಿಳಿಯದ ಮರಳನ್ನು ಬದಲಿಸಿಬಿಡುವುದೇ ಲೇಸು. ಫಿಲ್ಟರಿಗೆಂದೇ ಮಾರುವ 0.45ರಿಂದ 0.55 ಮಿಲಿಮೀಟರ್ ಗಾತ್ರದ ಸಿಲಿಕಾ ಮರಳನ್ನೇ ತರಬೇಕು. ಕಟ್ಟಡದ ಮರಳು ಖಂಡಿತ ಆಗದು. ಸುರಿಯುವ ಮುನ್ನ ತೊಟ್ಟಿಯನ್ನು ಅರ್ಧದವರೆಗೆ ನೀರಿನಿಂದ ತುಂಬಿಸಿದರೆ ಬೀಳುವ ಮರಳಿನ ಹೊಡೆತಕ್ಕೆ ಕೆಳಗಿನ ಜಾಲರಿ ಕೊಳವೆಗಳು ಮುರಿಯುವುದಿಲ್ಲ. ಕಾರ್ಟ್ರಿಜ್ ಫಿಲ್ಟರ್ ಆದರೆ ಹೆಚ್ಚು ಯೋಚಿಸದೆ ಹೊಸ ಕಾರ್ಟ್ರಿಜ್ ಹಾಕಬಹುದು.

ಶುದ್ಧ ಫಿಲ್ಟರಿನಲ್ಲಿ ಪ್ರೆಶರ್ ಗೇಜ್ ಎಷ್ಟು ತೋರಿಸುತ್ತದೆ ಎಂಬುದನ್ನು ತೊಟ್ಟಿಯ ಮೇಲೆಯೇ ಬರೆದಿಡಬೇಕು. ಅದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ನೀರನ್ನು ಎದುರು ದಿಕ್ಕಿನಲ್ಲಿ ಹರಿಸಿ ಮರಳನ್ನು ತೊಳೆಯುವ ಬ್ಯಾಕ್‌ವಾಷ್ ಮಾಡಬೇಕು. ಪಾಚಿ ಸಾಯುವ ದಿನಗಳಲ್ಲಿ ಇದು ದಿನಕ್ಕೆ ಹಲವು ಸಲ ಬೇಕಾಗಬಹುದು. ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಹಿಡಿಯನ್ನು ತಿರುಗಿಸುವಾಗ ಪ್ರತಿ ಸಲವೂ ಪಂಪ್ ನಿಲ್ಲಿಸಿರಬೇಕು, ಇಲ್ಲದಿದ್ದರೆ ಒಳಗಿನ ಗ್ಯಾಸ್ಕೆಟ್ ಕಿತ್ತುಬರುತ್ತದೆ.

ನೀರು

ಮೊದಲು ನೀರು ಎಷ್ಟಿದೆ ಎಂದು ಲೆಕ್ಕ ಹಾಕಬೇಕು. ಉದ್ದ, ಅಗಲ, ಸರಾಸರಿ ಆಳಗಳನ್ನು ಮೀಟರಿನಲ್ಲಿ ಗುಣಿಸಿ 1000ದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳದ ಕೊಳದಲ್ಲಿ 48,000 ಲೀಟರ್ ನೀರಿರುತ್ತದೆ. ಒಂದು ಪಿಪಿಎಂ ಎಂದರೆ ಪ್ರತಿ 1000 ಲೀಟರಿಗೆ ಒಂದು ಗ್ರಾಂ. ಈ ಒಂದು ಸಂಗತಿ ನೆನಪಿದ್ದರೆ ಯಾವ ಡಬ್ಬಿಯ ಮೇಲಿನ ಲೆಕ್ಕವನ್ನೂ ಸ್ವತಃ ತಾಳೆ ನೋಡಬಹುದು.

ಅಳೆಯಬೇಕಾದವು ಐದು: ಪಿಎಚ್, ಕ್ಲೋರಿನ್, ಒಟ್ಟು ಕ್ಷಾರೀಯತೆ, ಕ್ಯಾಲ್ಸಿಯಂ ಗಡಸುತನ, ಸಯನ್ಯೂರಿಕ್ ಆಮ್ಲ. ಅದ್ದಿ ತೆಗೆಯುವ ಕಾಗದದ ಪಟ್ಟಿಗಳ ಮೇಲೆ ಈ ಕೆಲಸದಲ್ಲಿ ನನಗೆ ನಂಬಿಕೆಯಿಲ್ಲ. ಹನಿ ಹಾಕಿ ಎಣಿಸುವ ಪರೀಕ್ಷೆಯ ಪೆಟ್ಟಿಗೆಗೆ ಹಣ ಹಾಕುವುದು ಸಾರ್ಥಕ. ಇವುಗಳಲ್ಲಿ ಜನ ಕಡೆಗಣಿಸುವುದೂ, ಆದರೆ ಎಲ್ಲವನ್ನೂ ನಿರ್ಧರಿಸುವುದೂ ಸಯನ್ಯೂರಿಕ್ ಆಮ್ಲ. ಸ್ಟೆಬಿಲೈಸರ್ ಎಂಬ ಹೆಸರಿನಲ್ಲಿ ಮಾರುವ ಈ ಪದಾರ್ಥ ಬಿಸಿಲಿನಿಂದ ಕ್ಲೋರಿನ್ನನ್ನು ಕಾಪಾಡುತ್ತದೆ. ಇದಿಲ್ಲದ ಕೊಳದಲ್ಲಿ ನಡುಹಗಲ ಬಿಸಿಲು ಕೆಲವೇ ಗಂಟೆಗಳಲ್ಲಿ ಬಹುಪಾಲು ಕ್ಲೋರಿನ್ನನ್ನು ನಾಶ ಮಾಡುತ್ತದೆ. ಆದರೆ ಇದು ಹೆಚ್ಚಾದಷ್ಟೂ ಕ್ಲೋರಿನ್ನಿನ ಚುರುಕು ಕಡಿಮೆಯಾಗುತ್ತದೆ. ಟ್ರೈಕ್ಲೋರ್ ಎಂಬ ತೇಲುವ ಕ್ಲೋರಿನ್ ಬಿಲ್ಲೆಗಳನ್ನು ವರ್ಷಗಟ್ಟಲೆ ಬಳಸಿದ ಕೊಳದಲ್ಲಿ ಇದು ಸೇರುತ್ತಲೇ ಹೋಗಿರುತ್ತದೆ, ಏಕೆಂದರೆ ಆ ಬಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಇರುತ್ತದೆ, ನೀರು ಆವಿಯಾದರೂ ಅದು ಹೋಗುವುದಿಲ್ಲ. 30ರಿಂದ 50 ಪಿಪಿಎಂ ಇದಕ್ಕೆ ಹಿತವಾದ ಮಟ್ಟ. 150 ಇದ್ದು 50ಕ್ಕೆ ಇಳಿಸಬೇಕಾದರೆ ಮೂರರಲ್ಲಿ ಎರಡು ಪಾಲು ನೀರನ್ನು ಬದಲಿಸುವುದೇ ನಂಬಬಹುದಾದ ದಾರಿ.

ಕ್ಲೋರಿನ್ ಹಾಕುವ ಮುನ್ನ ಪಿಎಚ್ ಅನ್ನು 7.2ರ ಹತ್ತಿರಕ್ಕೆ ತರಬೇಕು. ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ ಪಿಎಚ್ 7.5 ಇರುವಾಗ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಕ್ರಿಮಿಯನ್ನು ಕೊಲ್ಲುವ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಅದು ಕಾಲು ಭಾಗಕ್ಕಿಂತ ಕಡಿಮೆಯಾಗುತ್ತದೆ. ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ, ಪಂಪ್ ಓಡುತ್ತಿರುವಾಗ, ಸೋಸಿದ ನೀರು ಕೊಳಕ್ಕೆ ಮರಳುವ ಬಾಯಿಯ ಹತ್ತಿರ ಸುರಿಯಬೇಕು. ಪಿಎಚ್ ಅನ್ನು ಈಗಲೇ ಸರಿಪಡಿಸಬೇಕಾದುದಕ್ಕೆ ಇನ್ನೊಂದು ಕಾರಣವೂ ಇದೆ. ಕ್ಲೋರಿನ್ 10 ಪಿಪಿಎಂ ದಾಟಿದ ಮೇಲೆ ಪಿಎಚ್ ಪರೀಕ್ಷೆಯ ಬಣ್ಣ ಸುಳ್ಳು ಹೇಳತೊಡಗುತ್ತದೆ.

ಇಲ್ಲಿ ಎಚ್ಚರಿಕೆಯ ಮಾತುಗಳನ್ನು ಮತ್ತೊಮ್ಮೆ ಓದಿಕೊಳ್ಳುವಂತೆ ಕೇಳಿಕೊಳ್ಳುತ್ತೇನೆ. ಆಮ್ಲ ಮತ್ತು ಕ್ಲೋರಿನ್ ಸೇರಿದರೆ ವಿಷಾನಿಲ ಏಳುತ್ತದೆ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ಪುಡಿ ಮತ್ತು ಟ್ರೈಕ್ಲೋರ್ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು, ಆದ್ದರಿಂದ ಒಂದಕ್ಕೆ ಬಳಸಿದ ಚಮಚವನ್ನು ಇನ್ನೊಂದಕ್ಕೆ ಬಳಸಬಾರದು. ಬಕೆಟ್ಟಿನಲ್ಲಿ ಕರಗಿಸುವಾಗ ಯಾವಾಗಲೂ ನೀರಿಗೆ ಪುಡಿ ಅಥವಾ ಆಮ್ಲವನ್ನು ಹಾಕಬೇಕೇ ಹೊರತು ಅವುಗಳ ಮೇಲೆ ನೀರು ಸುರಿಯಬಾರದು. ಕನ್ನಡಕ ಮತ್ತು ಕೈಗವಸು ಇಲ್ಲದೆ ಡಬ್ಬಿಯ ಮುಚ್ಚಳವನ್ನೇ ತೆಗೆಯಬಾರದು.

ಪಾಚಿಯನ್ನು ಕೊಲ್ಲಲು ಬೇಕಾದ ಕ್ಲೋರಿನ್ ಮಟ್ಟವನ್ನು ಸಯನ್ಯೂರಿಕ್ ಆಮ್ಲದ ಹತ್ತರಲ್ಲಿ ನಾಲ್ಕು ಪಾಲು ಎಂದು ಇಟ್ಟುಕೊಳ್ಳಬಹುದು. ಅದು 30 ಇದ್ದರೆ ಕ್ಲೋರಿನ್ 12 ಪಿಪಿಎಂ ಬೇಕು. ಮೇಲೆ ಹೇಳಿದ 48,000 ಲೀಟರಿಗೆ ಇದು 576 ಗ್ರಾಂ ಕ್ಲೋರಿನ್, ಅಂದರೆ ಶೇಕಡಾ 65ರ ಪುಡಿಯಾದರೆ ಸುಮಾರು 890 ಗ್ರಾಂ, ಶೇಕಡಾ 10ರ ದ್ರವವಾದರೆ ಆರು ಲೀಟರಿಗೆ ಸ್ವಲ್ಪ ಕಡಿಮೆ. ದ್ರವ ಕ್ಲೋರಿನ್ ಹಳೆಯದಾದಷ್ಟೂ ಸತ್ವ ಕಳೆದುಕೊಳ್ಳುವುದರಿಂದ ಹೊಸದನ್ನೇ ತರಬೇಕು. ಸಂಜೆ ಹಾಕುವುದು ಒಳ್ಳೆಯದು, ರಾತ್ರಿಯೆಲ್ಲ ಬಿಸಿಲಿನ ಕಾಟವಿಲ್ಲದೆ ಅದು ಕೆಲಸ ಮಾಡುತ್ತದೆ.

ಇದು ಒಂದೇ ಸಲ ಹಾಕಿ ಮುಗಿಸುವ ಔಷಧವಲ್ಲ. ಆರಂಭದಲ್ಲಿ ಹಾಕಿದ್ದು ಒಂದು ಗಂಟೆಯಲ್ಲಿ ಪೂರ್ತಿ ಖರ್ಚಾಗಿರಬಹುದು. ಆ ಮಟ್ಟವನ್ನು ದಿನಕ್ಕೆ ಹಲವು ಬಾರಿ ಅಳೆದು, ಕಡಿಮೆಯಾದಷ್ಟನ್ನು ಮತ್ತೆ ಹಾಕಿ, ಹಿಡಿದು ನಿಲ್ಲಿಸುವುದೇ ಇದರ ಗುಟ್ಟು. ಒಂದು ದಿನ ಕೈಬಿಟ್ಟರೂ ಉಳಿದ ಪಾಚಿ ಚೇತರಿಸಿಕೊಳ್ಳುತ್ತದೆ. ಹಾಕಿದ ಹತ್ತೇ ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯವಾಗುತ್ತಿದ್ದರೆ ನೀರಿನಲ್ಲಿ ಅಮೋನಿಯಾ ಇರುವ ಸಂಭವ ಹೆಚ್ಚು. ಪಾಳುಬಿದ್ದ ಕೊಳಗಳಲ್ಲಿ ಬ್ಯಾಕ್ಟೀರಿಯಾಗಳು ಸಯನ್ಯೂರಿಕ್ ಆಮ್ಲವನ್ನು ಒಡೆದು ಅಮೋನಿಯಾ ಮಾಡಿರುತ್ತವೆ. ಆಗ 10 ಪಿಪಿಎಂನಂತೆ ಮತ್ತೆ ಮತ್ತೆ ಹಾಕುತ್ತ ಅದು ಮುಗಿಯುವವರೆಗೆ ತಾಳಬೇಕು. ಇನ್ನೊಂದು ಮೋಸವೂ ಉಂಟು. ಗುಲಾಬಿ ಬಣ್ಣ ಬರುವ ಡಿಪಿಡಿ ಪರೀಕ್ಷೆಯಲ್ಲಿ ಕ್ಲೋರಿನ್ ವಿಪರೀತ ಹೆಚ್ಚಿದ್ದರೆ ಬಣ್ಣ ಕ್ಷಣಮಾತ್ರ ಮಿಂಚಿ, ಬಿಳಿಚಿಕೊಂಡು, ನೀರು ಬಣ್ಣವೇ ಇಲ್ಲದಂತೆ ಕಾಣುತ್ತದೆ. ಕ್ಲೋರಿನ್ ಸೊನ್ನೆಯಾಗಿದೆ ಎಂದು ಭಾವಿಸಿ ಮತ್ತಷ್ಟು ಸುರಿಯುವ ಮುನ್ನ ಮಾದರಿಯನ್ನು ಶುದ್ಧ ನೀರಿನಲ್ಲಿ ತೆಳುಮಾಡಿ ಇನ್ನೊಮ್ಮೆ ನೋಡಬೇಕು.

ಈ ದಿನಗಳಲ್ಲಿ ಪಂಪ್ ಹಗಲಿರುಳೂ ಓಡಬೇಕು, ಗೋಡೆ, ಮೆಟ್ಟಿಲು, ಏಣಿಯ ಹಿಂಬದಿ, ದೀಪದ ಸುತ್ತಲಿನ ಸಂದಿಗಳನ್ನು ದಿನವೂ ಬ್ರಷ್‌ನಿಂದ ಉಜ್ಜಬೇಕು. ಪಾಚಿಯ ಮೇಲಿನ ಲೋಳೆಪದರ ಹರಿಯದಿದ್ದರೆ ಕ್ಲೋರಿನ್ ಒಳಗೆ ಇಳಿಯುವುದಿಲ್ಲ. ಗಾರೆಯ ಮೇಲೆ ಚುಕ್ಕೆಚುಕ್ಕೆಯಾಗಿ ಹಿಡಿದ ಕಪ್ಪು ಪಾಚಿಗೆ ಸ್ಟೀಲ್ ತಂತಿಯ ಬ್ರಷ್ಷೇ ಬೇಕು, ವಿನೈಲ್ ಮತ್ತು ಫೈಬರ್‌ಗ್ಲಾಸ್ ಮೇಲೆ ಮಾತ್ರ ಅದನ್ನು ಆಡಿಸಬಾರದು. ನೀರು ಮೊದಲು ಕಡುಹಸಿರಿನಿಂದ ಮಂಕು ಹಸಿರಿಗೆ, ಆಮೇಲೆ ಹಾಲು ಬೆರೆಸಿದಂಥ ಬೂದುನೀಲಿಗೆ ತಿರುಗುತ್ತದೆ. ಆ ಬೂದುಬಣ್ಣ ಸತ್ತ ಪಾಚಿ, ಅದನ್ನು ತೆಗೆಯುವುದು ಫಿಲ್ಟರಿನ ಕೆಲಸ, ಅಲ್ಲಿ ರಾಸಾಯನಿಕ ಹೆಚ್ಚಿಸಿ ಪ್ರಯೋಜನವಿಲ್ಲ. ತಾಳ್ಮೆ ಇಲ್ಲದವರು ಆಲಂ (ಪಟಿಕ) ಹಾಕಿ, ಪಂಪ್ ನಿಲ್ಲಿಸಿ, ರಾತ್ರಿ ಕಳೆದ ಮೇಲೆ ತಳಕ್ಕೆ ಕೂತದ್ದನ್ನು ಫಿಲ್ಟರಿಗೆ ಕಳಿಸದೆ ನೇರ ಹೊರಕ್ಕೆ ಎಳೆಯಬಹುದು, ಆದರೆ ಅದರಲ್ಲಿ ನೀರೂ ಸಾಕಷ್ಟು ಹೋಗುತ್ತದೆ.

ಮುಗಿಯಿತೆಂದು ಹೇಳಲು ಮೂರೂ ಲಕ್ಷಣಗಳು ಒಟ್ಟಿಗೆ ಇರಬೇಕು. ನೀರು ತಿಳಿಯಾಗಿರಬೇಕು, ಸೂರ್ಯ ಮುಳುಗಿದ ಮೇಲೆ ಅಳೆದ ಕ್ಲೋರಿನ್ ಬೆಳಗಿನ ಹೊತ್ತಿಗೆ ಒಂದು ಪಿಪಿಎಂಗಿಂತ ಹೆಚ್ಚು ಇಳಿದಿರಬಾರದು, ಅಮೋನಿಯಾದಂಥವುಗಳೊಂದಿಗೆ ಸೇರಿ ಸತ್ವಗುಂದಿದ ಸಂಯುಕ್ತ ಕ್ಲೋರಿನ್ 0.5 ಪಿಪಿಎಂಗಿಂತ ಹೆಚ್ಚಿರಬಾರದು. ಆಮೇಲೆ ಕ್ಷಾರೀಯತೆಯನ್ನು 80ರಿಂದ 120ರ ನಡುವೆ ತರಬೇಕು. ಏರಿಸಲು ಅಡುಗೆ ಸೋಡಾ ಸಾಕು, 48,000 ಲೀಟರಿನಲ್ಲಿ 20 ಪಿಪಿಎಂ ಏರಿಸಲು ಸುಮಾರು 1.6 ಕಿಲೋ ಬೇಕಾಗುತ್ತದೆ. ಗಾರೆಯ ಕೊಳವಾದರೆ ಕ್ಯಾಲ್ಸಿಯಂ 200ರಿಂದ 400ರ ನಡುವೆ ಇರಬೇಕು, ಅದು ತೀರ ಕಡಿಮೆಯಾದರೆ ನೀರು ಗಾರೆಯಲ್ಲಿನ ಸುಣ್ಣವನ್ನೇ ಕರಗಿಸಿಕೊಳ್ಳುತ್ತದೆ.

ತೊಟ್ಟಿ

ನೀರು ತಿಳಿಯಾದ ಮೇಲೆ ಸೋರಿಕೆಯನ್ನು ಪರೀಕ್ಷಿಸಬೇಕು. ಒಂದು ಬಕೆಟ್ಟಿಗೆ ಕೊಳದ ನೀರು ತುಂಬಿ ಮೆಟ್ಟಿಲಿನ ಮೇಲಿಟ್ಟು, ಒಳಗಿನ ಮಟ್ಟವನ್ನೂ ಹೊರಗೆ ಕೊಳದ ಮಟ್ಟವನ್ನೂ ಅದರ ಮೇಲೆಯೇ ಗುರುತು ಮಾಡಿ 24 ಗಂಟೆ ಬಿಡಬೇಕು. ಎರಡೂ ಸಮನಾಗಿ ಇಳಿದರೆ ಅದು ಆವಿ. ಹೊರಗಿನದು ಹೆಚ್ಚು ಇಳಿದರೆ ಸೋರಿಕೆ. ಇದನ್ನೇ ಪಂಪ್ ಓಡುವಾಗ ಒಮ್ಮೆ, ನಿಂತಿರುವಾಗ ಒಮ್ಮೆ ಮಾಡಿದರೆ ದೋಷ ಪೈಪಿನಲ್ಲಿದೆಯೋ ತೊಟ್ಟಿಯಲ್ಲಿದೆಯೋ ಎಂಬುದರ ಸುಳಿವು ಸಿಗುತ್ತದೆ. ಅನುಮಾನದ ಬಿರುಕಿನ ಬಳಿ, ನೀರು ನಿಶ್ಚಲವಾಗಿರುವಾಗ, ಪಿಚಕಾರಿಯಿಂದ ಬಣ್ಣದ ನೀರು ಬಿಟ್ಟರೆ ಸೋರುವ ಬಿರುಕು ಅದನ್ನು ಒಳಗೆಳೆದುಕೊಳ್ಳುತ್ತದೆ.

ಖಾಲಿ ಮಾಡಿದ ತೊಟ್ಟಿಯಾದರೆ ಸುತ್ತಿಗೆಯ ಹಿಡಿಯಿಂದ ಗಾರೆಯನ್ನು ಅಡಿಯಡಿಗೂ ತಟ್ಟುತ್ತ ಹೋಗಬೇಕು. ಗಟ್ಟಿ ಸದ್ದು ಬಂದರೆ ಗಾರೆ ಹಿಡಿದಿದೆ, ಟೊಳ್ಳು ಸದ್ದು ಬಂದಲ್ಲಿ ಬಿಟ್ಟುಕೊಂಡಿದೆ. ಟೊಳ್ಳಾದದ್ದನ್ನು ಒಡೆದು ತೆಗೆಯದೆ ಮೇಲೆ ಬಳಿದ ಹೊಸ ಗಾರೆಯೋ ಬಣ್ಣವೋ ಅದರ ಜೊತೆಗೇ ಏಳುತ್ತದೆ. ಆಮ್ಲ ಹಾಕಿ ತೊಳೆಯುವ ಪದ್ಧತಿಯನ್ನು ಕೊನೆಯ ಉಪಾಯವಾಗಿ ಮಾತ್ರ ಇಟ್ಟುಕೊಳ್ಳಬೇಕು. ಪ್ರತಿ ಸಲವೂ ಅದು ಗಾರೆಯ ತೆಳು ಪದರವೊಂದನ್ನು ತಿನ್ನುತ್ತದೆ, ತೊಟ್ಟಿಯ ತಗ್ಗಿನಲ್ಲಿ ಅದರ ಹೊಗೆ ನಿಲ್ಲುತ್ತದೆ, ಒಬ್ಬರೇ ಇಳಿದು ಮಾಡುವ ಕೆಲಸವಂತೂ ಅಲ್ಲ. ಒತ್ತಡದ ನೀರಿನಲ್ಲಿ ತೊಳೆದೇ ಎಷ್ಟೋ ಕಲೆಗಳು ಹೋಗುತ್ತವೆ. ಕಂದು ಕಲೆಯ ಮೇಲೆ ವಿಟಮಿನ್ ಸಿ ಮಾತ್ರೆಯನ್ನು ಉಜ್ಜಿದಾಗ ಅದು ತಿಳಿಯಾದರೆ ಕಬ್ಬಿಣದ ಕಲೆ ಎಂದು ತಿಳಿಯಬಹುದು, ಅದಕ್ಕೆ ಆಮ್ಲದ ತೊಳೆತ ಬೇಕಿಲ್ಲ. ಹೊಸ ಗಾರೆ ಹಾಕಿಸಿದರೆ ನೀರು ತುಂಬುವುದನ್ನು ನಡುವೆ ನಿಲ್ಲಿಸಬಾರದು, ನಿಲ್ಲಿಸಿದ ಮಟ್ಟದಲ್ಲಿ ಸುತ್ತಲೂ ಗೆರೆ ಉಳಿದುಬಿಡುತ್ತದೆ. ಮೊದಲ ವಾರಗಳಲ್ಲಿ ಗಾರೆಯಿಂದ ಬಿಡುವ ಸುಣ್ಣದ ಪುಡಿಯನ್ನು ದಿನವೂ ಮೃದುವಾದ ಬ್ರಷ್‌ನಿಂದ ಉಜ್ಜಬೇಕು, ಏರುತ್ತಲೇ ಇರುವ ಪಿಎಚ್ ಅನ್ನು ಇಳಿಸುತ್ತಿರಬೇಕು.

ಯಾರನ್ನಾದರೂ ನೀರಿಗೆ ಇಳಿಸುವ ಮುನ್ನ ಮೇನ್ ಡ್ರೈನ್‌ನ ಮುಚ್ಚಳವನ್ನು ನೋಡಲೇಬೇಕು. ಅದು ಒಡೆದಿದ್ದರೆ, ಸ್ಕ್ರೂ ಸಡಿಲವಾಗಿದ್ದರೆ, ಅಥವಾ ಕಾಣೆಯಾಗಿದ್ದರೆ ಪಂಪಿನ ಎಳೆತ ಕೂದಲನ್ನೋ ಮಗುವಿನ ಕೈಯನ್ನೋ ಹಿಡಿದು ನೀರಿನಡಿಯಲ್ಲೇ ನಿಲ್ಲಿಸಿಬಿಡಬಲ್ಲದು, ದೊಡ್ಡವರ ಬಲಕ್ಕೂ ಅದು ಬಿಡುವುದಿಲ್ಲ. ಹಳೆಯ ಚಪ್ಪಟೆ ಮುಚ್ಚಳವಿದ್ದರೆ ಸಿಕ್ಕಿಕೊಳ್ಳದಂತೆ ಉಬ್ಬಿಸಿ ಮಾಡಿದ ಹೊಸ ಬಗೆಯ ಮುಚ್ಚಳವನ್ನು ಹಾಕಿಸಬೇಕು, ಪಂಪಿನ ಸ್ವಿಚ್ ಎಲ್ಲಿದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಬೇಕು. ಕೊಳದ ಅತ್ಯಂತ ಆಳದಲ್ಲಿರುವ ಆ ಮುಚ್ಚಳದ ಸ್ಕ್ರೂಗಳು ದಂಡೆಯ ಮೇಲೆ ನಿಂತವರಿಗೆ ಸ್ಪಷ್ಟವಾಗಿ ಕಾಣುವವರೆಗೆ, ಪಿಎಚ್ 7.2ರಿಂದ 7.8ರ ನಡುವೆ ನಿಲ್ಲುವವರೆಗೆ, ಪಾಚಿ ಕೊಲ್ಲಲು ಏರಿಸಿದ ಕ್ಲೋರಿನ್ ದಿನಬಳಕೆಯ ಮಟ್ಟಕ್ಕೆ ತಾನಾಗಿ ಇಳಿಯುವವರೆಗೆ ಬೇಲಿಯ ಬಾಗಿಲಿಗೆ ಬೀಗ ಹಾಕಿಯೇ ಇಡಬೇಕು.